ಸಾಕು ಎನ್ನುವ ಮಾತು

ಕಳೆದ ವರ್ಷ ಶಾಲೆ ಶುರುವಾದ ಹೊಸದರಲ್ಲಿ ಮೊಮ್ಮಗಳು ಒಂದು ಚೀಟಿ ತಂದು ನನ್ನ ಮುಂದೆ ಹಿಡಿದಳು. ಅವಳಿಗೆ ಆಗ 12 ವರ್ಷ. ಶಾಲೆಯ ಕಬಡ್ಡಿ ತಂಡಕ್ಕೆ ಅವಳನ್ನು ಆರಿಸಿದ್ದರು. ವಾರದಲ್ಲಿ ಮೂರು ದಿನ ಬೆಳಿಗ್ಗೆ ಮಕ್ಕಳಿಗೆ ಮೈಬಲ ಬೆಳೆಸುವ ಕಸರತ್ತು ಮಾಡಿಸುತ್ತೇವೆ, ಬೈಠಕ್, ದಂಡ, ಮರಳು ತುಂಬಿದ ಬಾಟಲಿ ಎತ್ತುವುದು ಇವೆಲ್ಲ ಇರುತ್ತವೆ, ಮನೆಯವರ ಒಪ್ಪಿಗೆ ಇದ್ದರೆ ಸಹಿ ಮಾಡಿ ಕಳಿಸಿ ಎಂದು ಅದರಲ್ಲಿ ಬರೆದಿತ್ತು. ಅವಳ ತಂದೆತಾಯಿ ನೌಕರಿಯ ಸಲುವಾಗಿ ಬೇರೆ ಊರಿನಲ್ಲಿದ್ದಾರೆ. ಮೊಮ್ಮಕ್ಕಳಿಬ್ಬರೂ ರಾಯಚೂರಿನಲ್ಲಿ ನನ್ನ ಹತ್ತಿರ ಓದುತ್ತಾರೆ. ಹೀಗಾಗಿ ಇಂಥ ಚೀಟಿಗಳಿಗೆಲ್ಲ ಸಹಿ ನನ್ನದೇ.

ನಾನು ಸಹಿ ಮಾಡಲಿಲ್ಲ. "ಆಟ ಆಡು, ಬ್ಯಾಡ ಅನ್ನಂಗಿಲ್ಲ. ಆದ್ರ ಭಾರ ಎತ್ತೂದು ಹೆಣ್ಣುಮಕ್ಕಳಿಗಲ್ಲ. ಎತ್ತರ ಬೆಳೆಯಂಗಿಲ್ಲ, ಮುಂದ ಹೊಟ್ಟಿ ತ್ರಾಸು ಬರ್ತದ" ಎಂದೆ. ಅವಳು ಮುಖ ಸಣ್ಣದು ಮಾಡಿಕೊಂಡು ಹೋದಳು.

ಅದೇ ಸಂಜೆ ಕುಡಿಯುವ ನೀರಿನ ಗಾಡಿ ಬಂತು. ನಮ್ಮದು ಮೇಲಿನ ಮನೆ. ಗಾಡಿಯವನು ಕ್ಯಾನನ್ನು ಮೆಟ್ಟಿಲ ಬುಡದಲ್ಲಿ ಇಟ್ಟು ಹೋಗುತ್ತಾನೆ. ನನ್ನ ಮೊಣಕಾಲು ಹಿಡಿದುಕೊಂಡಾಗಿನಿಂದ ಅದನ್ನು ಮೇಲೆ ತರುವವಳು ಮೊಮ್ಮಗಳು. ಅಂದೂ ಕೂಗಿ ಹೇಳಿದೆ. ಅವಳು ಒಂದೊಂದು ಮೆಟ್ಟಿಲಿಗೆ ಒಂದೊಂದು ಸಲ ಇಟ್ಟು ಎತ್ತಿ, ಇಟ್ಟು ಎತ್ತಿ ತಂದಳು. ಅಡುಗೆಮನೆಯಲ್ಲಿ ಇಟ್ಟವಳೇ ಕೇಳಿದಳು:

"ಅಜ್ಜಿ, ಈ ಕ್ಯಾನಿನ್ಯಾಗ ಎಷ್ಟು ಲೀಟರ್ ಅದ?"

"ಇಪ್ಪತ್ತು."

"ಅಂದ್ರ ಇಪ್ಪತ್ತು ಕೆಜಿ. ಸಾಲ್ಯಾಗ ಟೀಚರ್ ನಮಗ ಒಂದು ಕೆಜಿ ಬಾಟಲಿಯಿಂದ ಶುರು ಮಾಡ್ತೀವಿ ಅಂದಾರ. ನೀ ಅದಕ್ಕ ಬ್ಯಾಡ ಅಂದಿ. ಇದಕ್ಕ ಯಾಕ ಬ್ಯಾಡ ಅನ್ನಲಿಲ್ಲ?"

ನನ್ನ ಹತ್ತಿರ ಉತ್ತರ ಇರಲಿಲ್ಲ. "ಮನಿ ಕೆಲಸ ಬ್ಯಾರೆ" ಎಂದು ಅಂದು ಒಲೆಯ ಕಡೆ ತಿರುಗಿದೆ. ಅದು ಉತ್ತರವಲ್ಲ ಎಂದು ನನಗೂ ಗೊತ್ತಿತ್ತು. ಒಳಗಿನ ಕೋಣೆಯಲ್ಲಿ 15 ವರ್ಷದ ಮೊಮ್ಮಗ ಟ್ಯೂಷನ್ನಿಗೆ ಹೊರಡುತ್ತಿದ್ದ. ಕ್ಯಾನ್ ತರಲು ಅವನನ್ನು ನಾನು ಎಂದೂ ಕರೆದಿರಲಿಲ್ಲ. ಕರೆಯಬೇಕು ಅನ್ನಿಸಿಯೂ ಇರಲಿಲ್ಲ.

ಆ ರಾತ್ರಿ ನಿದ್ದೆ ಹತ್ತಲಿಲ್ಲ. ಮನಸ್ಸು ನನ್ನ ತವರೂರು ಹಿರೇಕೊಟ್ನೆಕಲ್ಲಿಗೆ ಹೋಯಿತು.

ಹಿರೇಕೊಟ್ನೆಕಲ್ ಮಾನ್ವಿ ತಾಲೂಕಿನ ಊರು. ನಾನು ಚಿಕ್ಕವಳಿದ್ದಾಗ ಊರಿನ ಗಂಡುಹುಡುಗರು ನಸುಕಿನಲ್ಲಿ ಗರಡಿಗೆ ಹೋಗುತ್ತಿದ್ದರು. ಗೋಡೆಯಲ್ಲಿ ಹನುಮಪ್ಪನ ಗೂಡು, ನೆಲಕ್ಕೆ ಹದ ಮಾಡಿದ ಕೆಮ್ಮಣ್ಣು, ಮೂಲೆಯಲ್ಲಿ ಚಿಕ್ಕದು ದೊಡ್ಡದು ಎಂದು ಸಾಲಾಗಿ ಇಟ್ಟ ಗುಂಡುಕಲ್ಲುಗಳು. ನಾನು ಒಳಗೆ ಹೋಗಿ ನೋಡಿದವಳಲ್ಲ. ಹೆಣ್ಣುಮಕ್ಕಳು ಆ ಹೊಸ್ತಿಲು ದಾಟುವಂತಿರಲಿಲ್ಲ. ಮಣ್ಣಿಗೆ ಚಿಮುಕಿಸಲು ಬೇಕಾದ ನೀರನ್ನು ಮಾತ್ರ ನಮ್ಮಂಥ ಹುಡುಗಿಯರು ತಂದು ಹೊರಗಿನ ಗಡಿಗೆಗೆ ಹಾಕಿ ಬರುತ್ತಿದ್ದೆವು. ಬಾಗಿಲಲ್ಲಿ ನಿಂತಾಗ ಕಂಡಷ್ಟೇ ನನಗೆ ಗೊತ್ತು.

ನನ್ನ ಅಣ್ಣ ನನಗಿಂತ ಎರಡು ವರ್ಷ ದೊಡ್ಡವನು, ಗರಡಿಯ ಹುಡುಗ. ಅವನಿಗೆ ಕಲಿಸುತ್ತಿದ್ದ ವಸ್ತಾದ ಬಡವ, ವಯಸ್ಸಾದವ, ಮಾತು ಕಡಿಮೆ. ಹುಡುಗರಿಗೆ ಅವನು ಮೊದಲು ಕಲಿಸುತ್ತಿದ್ದುದು ಎತ್ತುವುದನ್ನಲ್ಲ, ಇಳಿಸುವುದನ್ನು. ಕಲ್ಲನ್ನು ಧೊಪ್ಪೆಂದು ಬಿಡಬಾರದು, ಮೊಣಕಾಲು ಮಡಿಸಿ ಮಗುವನ್ನು ಮಲಗಿಸಿದ ಹಾಗೆ ಇಡಬೇಕು. ಉಸಿರು ಒಡೆದರೆ ನಿಲ್ಲಿಸಬೇಕು. ಚಿಕ್ಕ ಕಲ್ಲು ಹಗುರಾಯಿತು ಎಂದು ಹುಡುಗ ಹೇಳಿದರೆ ಸಾಲದು, ವಸ್ತಾದನಿಗೆ ಕಾಣಬೇಕು. ಮುಖ್ಯವಾಗಿ, ಯಾವ ಹುಡುಗನಾದರೂ "ಸಾಕು" ಅಂದರೆ ಉಳಿದವರು ನಗಬಾರದು. ನಕ್ಕವನಿಗೆ ಅಂದು ಮಣ್ಣು ತುಳಿಯುವ ಕೆಲಸ. ಅಣ್ಣ ಮನೆಗೆ ಬಂದು ಇದನ್ನೆಲ್ಲ ಹೇಳುತ್ತಿದ್ದ. ಅವ್ವ ಅವನ ರೊಟ್ಟಿಯ ಮೇಲೆ ಬೆಣ್ಣೆ ಇಡುತ್ತ ಕೇಳುತ್ತಿದ್ದಳು. ಬೆಣ್ಣೆ ಇದ್ದುದು ಸ್ವಲ್ಪ, ಅದು ಗರಡಿಗೆ ಹೋಗುವವನದು. ನನಗೆ ಆಗ ಅದರಲ್ಲಿ ತಪ್ಪೇನೂ ಕಾಣಲಿಲ್ಲ.

1972ರ ಬರ ನಮ್ಮ ಸೀಮೆಯ ಹಿರಿಯರು ಇಂದಿಗೂ ನೆನೆಯುವ ಬರ. ಓಣಿಯ ಬಾವಿ ಬತ್ತಿ, ನೀರಿಗೆ ದೂರ ಹೋಗಬೇಕಾಯಿತು. ನನಗೆ ಆಗ 12 ವರ್ಷ. ಕಂಕುಳಲ್ಲಿ ಕೊಡ, ಬೆಳಿಗ್ಗೆ ಆರು, ಸಂಜೆ ನಾಲ್ಕು. ಮೊಮ್ಮಗಳು ಕ್ಯಾನಿನ ಲೆಕ್ಕ ಕೇಳಿದ ರಾತ್ರಿ ನಾನು ಮೊದಲ ಸಲ ಈ ಲೆಕ್ಕ ಹಾಕಿದೆ. ಕೊಡಕ್ಕೆ 12 ಲೀಟರ್ ಹಿಡಿದರೂ ದಿನಕ್ಕೆ 120 ಲೀಟರ್, ಅಂದರೆ 120 ಕಿಲೋ. ಕೊಡದ ತೂಕ ಬೇರೆ. ನಾನು ಆಗ 30 ಕಿಲೋ ಇದ್ದರೆ ಹೆಚ್ಚು. ಅಣ್ಣ ಎತ್ತುತ್ತಿದ್ದ ಕಲ್ಲು ಹೆಚ್ಚೆಂದರೆ 25 ಕಿಲೋ ಇದ್ದೀತು. ಅದನ್ನು ಅವನು ದಿನಕ್ಕೆ ಐದಾರು ಸಲ ಎತ್ತುತ್ತಿದ್ದ. ಅವನು ಎತ್ತಿದ್ದಕ್ಕೆ ಸಾಧನೆ ಎಂದು ಹೆಸರಿತ್ತು. ನಾನು ಹೊತ್ತದ್ದಕ್ಕೆ ಹೆಸರೇ ಇರಲಿಲ್ಲ. ಒಂದು ಸಲ ದಾರಿಯಲ್ಲಿ ಕೂತು "ಯವ್ವಾ, ಇವತ್ತಿಗೆ ಸಾಕು" ಅಂದದ್ದಕ್ಕೆ ಅವ್ವ, "ಸಾಕು ಅಂದ್ರ ಸಂಜೀಗೆ ಏನು ಕುಡೀತಿ?" ಎಂದಳು. ಅವಳ ಪ್ರಶ್ನೆಯೂ ನಿಜವೇ. ಅವಳ ತಲೆಯ ಮೇಲೂ ಕೊಡ ಇತ್ತು.

ಇಲ್ಲಿಗೆ ನಿಲ್ಲಿಸಿದರೆ ಇದು ಗಂಡಿಗೊಂದು ನ್ಯಾಯ, ಹೆಣ್ಣಿಗೊಂದು ನ್ಯಾಯ ಎಂಬ ಹಳೆಯ ಕತೆಯಾಗುತ್ತದೆ. ಆದರೆ ಅಣ್ಣನ ಕತೆಯೂ ಸುಖವಾಗಿ ಮುಗಿಯಲಿಲ್ಲ. ಮರುವರ್ಷದ ಜಾತ್ರೆಯಲ್ಲಿ ಎರಡು ಓಣಿಗಳ ನಡುವೆ ಪಂಥ ಬಿತ್ತು. ನಮ್ಮ ಓಣಿಯ ಹುಡುಗ ದೊಡ್ಡ ಕಲ್ಲನ್ನು ಎದೆಮಟ ಎತ್ತುತ್ತಾನೆ ಎಂದು ನಮ್ಮ ಕಾಕಾ ಮಾತು ಕೊಟ್ಟುಬಿಟ್ಟ. ವಸ್ತಾದ, "ಇನ್ನೆರಡು ವರ್ಷ ಹೋಗಲಿ, ಹುಡುಗನ ಎಲುಬು ಬಲೀಬೇಕು" ಎಂದ. ಯಾರೂ ಕೇಳಲಿಲ್ಲ. ಹಲಗೆ ಬಾರಿಸಿದರು, ಮುಂಡಾಸು ಗಾಳಿಯಲ್ಲಿ ಹಾರಿಸಿದರು. ಅಣ್ಣ ಕಲ್ಲನ್ನು ಮೊಣಕಾಲ ತನಕ ತಂದ, ತೊಡೆಯ ಮೇಲೆ ಇಟ್ಟುಕೊಂಡ, ಎದೆಗೆ ತರುವಾಗ ಒಂದು ಕಡೆ ವಾಲಿದ. ಎರಡು ತಿಂಗಳು ಹಾಸಿಗೆ ಹಿಡಿದ. ಈಗ ಅವನಿಗೆ 67 ವರ್ಷ, ಇಂದಿಗೂ ಬಗ್ಗಿ ಚಪ್ಪಲಿ ಹಾಕಿಕೊಳ್ಳಲಾರ. ನಾನು ಒಮ್ಮೆ ಕೇಳಿದೆ: "ಅಣ್ಣಾ, ಆಗಂಗಿಲ್ಲ ಅಂತ ನಿನಗ ಗೊತ್ತಾಗಲಿಲ್ಲೇನು?" ಅವನು ಹೇಳಿದ: "ಗೊತ್ತಾಗಿತ್ತು ತಂಗಿ. ಮೊಣಕಾಲಿಗೆ ಬಂದಾಗಲೇ ಗೊತ್ತಾಗಿತ್ತು. ಅಷ್ಟು ಮಂದಿ ಮುಂದ ಸಾಕು ಅಂತ ಹೆಂಗ ಅನ್ನಲಿ?"

ಅವನ ಬಲ ಓಣಿಯ ಮಾನಕ್ಕೆ ಹೋಯಿತು, ನನ್ನದು ಮನೆಯ ನೀರಿಗೆ. ಇಬ್ಬರ ಬಲವೂ ನಮ್ಮದಾಗಿರಲಿಲ್ಲ.

ಮರುದಿನ ನನಗೆ ಪರಿಚಯದ ಒಬ್ಬ ಡಾಕ್ಟರಮ್ಮನನ್ನು ಕೇಳಿದೆ. ಅವರು ನಕ್ಕು, ಎತ್ತರ ನಿಂತುಹೋಗುತ್ತದೆ ಎಂಬ ಭಯ ಬಹಳ ಹಳೆಯದು, ಆದರೆ ಸರಿಯಾದ ರೀತಿಯಲ್ಲಿ ಕಸರತ್ತು ಮಾಡಿದ ಮಕ್ಕಳಲ್ಲಿ ಹಾಗಾದದ್ದು ಕಂಡುಬಂದಿಲ್ಲ ಎಂದರು. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೊರಡಿಸಿದ ಸೂಚನೆಯಂತೆ 5ರಿಂದ 17 ವರ್ಷದ ಮಕ್ಕಳು ದಿನಕ್ಕೆ ಸರಾಸರಿ 60 ನಿಮಿಷ ಮೈ ಬೆವರುವಂತೆ ಆಡಬೇಕು, ವಾರದಲ್ಲಿ ಕನಿಷ್ಠ 3 ದಿನ ಸ್ನಾಯು ಮತ್ತು ಎಲುಬು ಗಟ್ಟಿಯಾಗುವ ಚಟುವಟಿಕೆ ಇರಬೇಕು. ಇದರಲ್ಲಿ ಗಂಡು ಹೆಣ್ಣು ಎಂಬ ಭೇದವಿಲ್ಲ. ಅಮೆರಿಕದ ಮಕ್ಕಳ ವೈದ್ಯರ ಸಂಘವೂ ಅದೇ ವರ್ಷ, ತಿಳಿದವರ ಕಣ್ಣೆದುರು, ಹಗುರದಿಂದ ಆರಂಭಿಸಿ, ಮೊದಲು ರೀತಿ ಕಲಿತು ಆಮೇಲೆ ತೂಕ ಹೆಚ್ಚಿಸಿದರೆ ಇದು ಮಕ್ಕಳಿಗೆ ಹಿತವೆಂದೇ ಹೇಳಿತು. ಪೆಟ್ಟಾಗುವುದು ಹೆಚ್ಚಾಗಿ ಯಾರೂ ನೋಡದಿದ್ದಾಗ, ರೀತಿ ತಪ್ಪಿದಾಗ, ಕೈಲಾಗದಷ್ಟು ಭಾರಕ್ಕೆ ಕೈಹಾಕಿದಾಗ. ನಮ್ಮ ವಸ್ತಾದ ಯಾವ ಪುಸ್ತಕವನ್ನೂ ಓದದೆ ಹೇಳುತ್ತಿದ್ದುದೂ ಇದನ್ನೇ.

ಡಾಕ್ಟರಮ್ಮ ಇನ್ನೂ ಒಂದು ಮಾತು ಹೇಳಿದರು. ಪ್ರಾಯಕ್ಕೆ ಬರುವ ಮೊದಲು ಮಕ್ಕಳು ಕಸರತ್ತು ಮಾಡಿದರೆ ತೋಳು ಅಷ್ಟಾಗಿ ದಪ್ಪವಾಗುವುದಿಲ್ಲ. ನರಗಳು ಸ್ನಾಯುಗಳನ್ನು ಒಟ್ಟಾಗಿ ದುಡಿಸುವುದನ್ನು ಕಲಿಯುತ್ತವೆ, ಬಲ ಬರುವುದು ಹೆಚ್ಚಾಗಿ ಆ ಕಲಿಕೆಯಿಂದ. ಇನ್ನು ಎಲುಬಿನ ಮಾತು. ಮಗು ಸರಸರನೆ ಎತ್ತರವಾಗುವ ಆ ಎರಡು ವರ್ಷಗಳ ಆಸುಪಾಸಿನಲ್ಲಿಯೇ ಜೀವನದ ಎಲುಬಿನ ಗಂಟಿನಲ್ಲಿ ಸುಮಾರು ಕಾಲುಭಾಗ ಕೂಡಿಬೀಳುತ್ತದೆಯಂತೆ. ಹೆಣ್ಣುಮಕ್ಕಳಿಗೆ ಅದು 12–13ರ ಸುಮಾರು. ಮುಪ್ಪಿನಲ್ಲಿ ಜಾರಿಬಿದ್ದು ಸೊಂಟ ಮುರಿದುಕೊಳ್ಳುವ ನಮ್ಮಂಥವರು ಎಂದೋ ಕೂಡಿಡಬೇಕಾದದ್ದನ್ನು ಕೂಡಿಡದೆ ಬಂದವರು.

"ಮತ್ತೆ ಹೊಟ್ಟೆಯ ತ್ರಾಸು?" ಎಂದು ಕೇಳಿದೆ. ಅವರು ನಗಲಿಲ್ಲ. ಹಸಿ ಬಾಣಂತಿಯರು ಹೊಲಕ್ಕೆ ಹೋಗಿ ಹೊರೆ ಹೊತ್ತು, ಗರ್ಭಕೋಶ ಜಾರಿ ಒದ್ದಾಡಿದ್ದನ್ನು ನಮ್ಮ ಹಿರಿಯರು ಕಣ್ಣಾರೆ ಕಂಡಿದ್ದಾರೆ, ಆ ಭಯ ಸುಳ್ಳಲ್ಲ ಎಂದರು. ನಾನು ಮನೆಗೆ ಬರುತ್ತ ಅದನ್ನೇ ಯೋಚಿಸಿದೆ. ಭಯ ನಿಜ, ಆದರೆ ಅದನ್ನು ನಾವು ತಪ್ಪು ಬಾಗಿಲಿಗೆ ಕಟ್ಟಿದ್ದೇವೆ. ಬಾಣಂತಿಯ ತಲೆಯ ಮೇಲಿನ ಹೊರೆಯನ್ನು ಯಾರೂ ಇಳಿಸಲಿಲ್ಲ. ಆಟಕ್ಕೆ ಹೊರಟ ಹುಡುಗಿಯ ಕೈಯ ಬಾಟಲಿಯನ್ನು ಮಾತ್ರ ಕಸಿದುಕೊಂಡೆವು.

ಟೋಕಿಯೊ ಒಲಿಂಪಿಕ್ಸ್ ನಡೆದ 2021ರಲ್ಲಿ ಮಣಿಪುರದ ಮೀರಾಬಾಯಿ ಚಾನು 49 ಕಿಲೋ ವಿಭಾಗದಲ್ಲಿ ಒಟ್ಟು 202 ಕಿಲೋ ಎತ್ತಿ ಬೆಳ್ಳಿ ಪದಕ ಗೆದ್ದಾಗ ಟಿ.ವಿ.ಯಲ್ಲಿ ಅವರ ಬಾಲ್ಯದ ಕತೆ ಹೇಳಿದರು. ಅಣ್ಣನಿಗೆ ಎತ್ತಲಾಗದ ಸೌದೆಯ ಹೊರೆಯನ್ನು ಈ ಚಿಕ್ಕ ಹುಡುಗಿ ಎತ್ತಿಕೊಂಡು ಮನೆಗೆ ಬರುತ್ತಿದ್ದಳಂತೆ. ನಾವೆಲ್ಲ ಕಣ್ಣು ಒರೆಸಿಕೊಂಡೆವು. ಅದಕ್ಕೂ ಮೊದಲು, 2000ದ ಸಿಡ್ನಿ ಒಲಿಂಪಿಕ್ಸ್‌ನಲ್ಲಿ ಕರಣಂ ಮಲ್ಲೇಶ್ವರಿ ಭಾರ ಎತ್ತಿ ಕಂಚು ಗೆದ್ದರು. ಒಲಿಂಪಿಕ್ಸ್ ಪದಕ ಗೆದ್ದ ಮೊದಲ ಭಾರತೀಯ ಮಹಿಳೆ ಅವರೇ. ನಮ್ಮ ನೆರೆಯ ಆಂಧ್ರದವರು. ಆದರೆ ಈಗ ನನಗೆ ಕಾಡುವುದು ಬೇರೆ. ಹೊರೆ ಹೊತ್ತ ಹುಡುಗಿಯರು ಮಣಿಪುರದಲ್ಲೂ ಮಾನ್ವಿಯಲ್ಲೂ ಸಾವಿರಾರು. ಸೌದೆ ಹೊತ್ತದ್ದರಿಂದ ಪದಕ ಬರಲಿಲ್ಲ. ಹೊತ್ತವಳ ಮೈಯಲ್ಲಿ ಬಲವಿದೆ ಎಂದು ಕಂಡು, ಆ ಬಲವನ್ನು ಅವಳದೇ ಮಾಡಿಕೊಟ್ಟದ್ದರಿಂದ ಬಂತು. ಉಳಿದವರ ಬಲ ಮನೆಗೆ ಸೌದೆಯಾಗಿ, ನೀರಾಗಿ, ಹತ್ತಿಯ ಗಂಟಾಗಿ ಕರಗಿಹೋಯಿತು.

ಹಾಗಾದರೆ ಮಕ್ಕಳಿಗೆ ಕೆಲಸವನ್ನೇ ಹೇಳಬಾರದೇ? ಇಲ್ಲಿ ನನ್ನ ಮನಸ್ಸು ಒಪ್ಪುವುದಿಲ್ಲ. ಒಂದು ಲೋಟ ನೀರನ್ನೂ ತಾನಾಗಿ ತೆಗೆದುಕೊಳ್ಳದ ಮಕ್ಕಳನ್ನು ಪಟ್ಟಣದ ಮನೆಗಳಲ್ಲಿ ನೀವೂ ಕಂಡಿರಬಹುದು. ಇನ್ನೊಬ್ಬರ ಭಾರಕ್ಕೆ ಕೈ ಕೊಡದೆ ಬೆಳೆದ ಮೈ ಎಷ್ಟೇ ಗಟ್ಟಿಯಾದರೂ ಅದು ಪೂರ್ತಿ ಬೆಳೆದಂತಲ್ಲ. ಕಾಯಕವನ್ನು ಕೊಂಡಾಡುವ ನಾಡು ನಮ್ಮದು. 2016ರಲ್ಲಿ ತಿದ್ದುಪಡಿಯಾದ ಬಾಲಕಾರ್ಮಿಕ ಕಾಯ್ದೆ 14 ವರ್ಷದೊಳಗಿನ ಮಕ್ಕಳನ್ನು ಯಾವ ದುಡಿಮೆಗೂ ಹಚ್ಚಬಾರದು ಎನ್ನುತ್ತದೆ. ಆದರೆ ಶಾಲೆ ಬಿಟ್ಟ ಮೇಲೆ, ರಜೆಯಲ್ಲಿ, ಅಪಾಯವಿಲ್ಲದ ಮನೆತನದ ಕೆಲಸಕ್ಕೆ ನೆರವಾಗಬಹುದು ಎಂದು ಬಿಟ್ಟಿದೆ. ಕಾಯ್ದೆ ಹೊಸ್ತಿಲ ತನಕ ಬಂದು ನಿಲ್ಲುತ್ತದೆ. ಹೊಸ್ತಿಲ ಒಳಗೆ ಎಷ್ಟು ಕೊಡ, ಯಾರ ಕಂಕುಳಲ್ಲಿ ಎಂಬುದನ್ನು ನೋಡಬೇಕಾದವರು ನಾವು.

ಬಹಳ ದಿನ ಯೋಚಿಸಿದ ಮೇಲೆ ನನಗೆ ಹೊಳೆದದ್ದು ವಸ್ತಾದನ ಮಾತೇ. ಭಾರ ತಪ್ಪಲ್ಲ. ಕಲಿಸುವ ಭಾರಕ್ಕೂ ಸವೆಸುವ ಭಾರಕ್ಕೂ ವ್ಯತ್ಯಾಸ ತೂಕದಲ್ಲಿ ಮಾತ್ರವಿಲ್ಲ. ಕಲಿಸುವ ಭಾರಕ್ಕೆ ಎಣಿಕೆ ಇರುತ್ತದೆ, ವಿಶ್ರಾಂತಿ ಇರುತ್ತದೆ, ಅದಕ್ಕೆ ತಕ್ಕ ಊಟ ಇರುತ್ತದೆ. ಮಗು "ಸಾಕು" ಅಂದಾಗ ಕೇಳಿಸಿಕೊಳ್ಳುವ ಒಬ್ಬರು ಎದುರಿಗಿರುತ್ತಾರೆ. ಗರಡಿಯೊಳಗೆ ಅಣ್ಣನಿಗೆ ಅದು ಇತ್ತು, ಜಾತ್ರೆಯಲ್ಲಿ ಇಲ್ಲವಾಯಿತು. ನೀರಿನ ದಾರಿಯಲ್ಲಿ ನನಗೆ ಎಂದೂ ಇರಲಿಲ್ಲ. ನಮ್ಮ ಭಾಷೆಯಲ್ಲಿ ಮಕ್ಕಳನ್ನು ಪೋಷಿಸುವುದಕ್ಕೂ ಸಾಕುವುದು ಎನ್ನುತ್ತೇವೆ, ತೃಪ್ತಿಯಾದಾಗಲೂ ದಣಿದಾಗಲೂ ಸಾಕು ಎನ್ನುತ್ತೇವೆ. ಎರಡು ಮಾತುಗಳ ಬೇರು ಒಂದೇ ಹೌದೋ ಅಲ್ಲವೋ ಪಂಡಿತರು ಹೇಳಬೇಕು. ಸಾಕುವವರಿಗೆ ಮಕ್ಕಳ ಸಾಕು ಕೇಳಿಸಬೇಕು ಎಂಬುದಷ್ಟು ನನಗೆ ಗೊತ್ತಾಯಿತು.

ಊಟದ ಮಾತು ಬಂತು, ಅದನ್ನೂ ಹೇಳಿಬಿಡುತ್ತೇನೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ 15ರಿಂದ 19 ವರ್ಷದ ಹುಡುಗಿಯರಲ್ಲಿ ನೂರಕ್ಕೆ 59 ಮಂದಿಗೆ ರಕ್ತಹೀನತೆ ಕಂಡುಬಂತು. ಬೆಣ್ಣೆ ಒಬ್ಬನ ರೊಟ್ಟಿಗೆ, ಕೊಡ ಇನ್ನೊಬ್ಬಳ ಕಂಕುಳಿಗೆ ಎಂಬ ಹಳೆಯ ಪಾಲುಪಟ್ಟಿ ಇನ್ನೂ ಹರಿದಿಲ್ಲ ಎಂದು ಆ ಅಂಕಿ ನೋಡಿ ಅನ್ನಿಸಿತು. 2021ರ ಡಿಸೆಂಬರಿನಲ್ಲಿ ನಮ್ಮ ರಾಯಚೂರೂ ಸೇರಿ ಈ ಭಾಗದ ಜಿಲ್ಲೆಗಳ ಶಾಲೆಗಳಲ್ಲಿ ಬಿಸಿಯೂಟದ ಜೊತೆ ಮೊಟ್ಟೆ ಕೊಡಲು ಶುರು ಮಾಡಿದರು, ಒಲ್ಲದವರಿಗೆ ಬಾಳೆಹಣ್ಣು. ಕೊಡಬೇಕೇ ಬೇಡವೇ ಎಂದು ದೊಡ್ಡವರು ಜಗಳಾಡಿದರು. ನನಗೆ ಹಿಡಿಸಿದ್ದು ಒಂದೇ: ಆ ಸಾಲಿನಲ್ಲಿ ಕೂತ ಹುಡುಗನಿಗೂ ಹುಡುಗಿಗೂ ಒಂದೊಂದೇ ಮೊಟ್ಟೆ.

ನಮ್ಮ ಕಾಲದ ಓದುವ ಹೆಂಗಸರಿಗೆ 'ಶಾಂತಲಾ' ಕಾದಂಬರಿ ಗೊತ್ತು. ಅದನ್ನು ಬರೆದ ಕೆ.ವಿ. ಅಯ್ಯರ್ ಬೆಂಗಳೂರಿನಲ್ಲಿ ವ್ಯಾಯಾಮಶಾಲೆ ನಡೆಸಿ ಹೆಸರಾದವರು ಎಂಬುದು ನನಗೆ ತಡವಾಗಿ ತಿಳಿಯಿತು. ಅವರದೇ 'ರೂಪದರ್ಶಿ'ಯಲ್ಲಿ ಬಾಲಯೇಸುವಿನ ಚಿತ್ರಕ್ಕೆ ಮಾದರಿಯಾಗಿದ್ದ ಹುಡುಗನೇ ವರ್ಷಗಳಾದ ಮೇಲೆ ಜೂಡಾಸನ ಚಿತ್ರಕ್ಕೂ ಮಾದರಿಯಾಗಬೇಕಾಗುತ್ತದೆ. ಮೈಯನ್ನು ಅಷ್ಟು ಬಲ್ಲವರು ಅಂಥ ಕತೆಯನ್ನು ಬರೆದದ್ದು ನನಗೆ ಈಗ ಅರ್ಥವಾಗುತ್ತದೆ. ಮಗುವಿನ ಮೇಲೆ ಬದುಕು ಏನನ್ನು ಹೇರಿತೋ ಅದನ್ನು ಮೈ ಮರೆಯುವುದಿಲ್ಲ. ಅಣ್ಣನ ಬೆನ್ನು ಮರೆತಿಲ್ಲ, ನನ್ನ ಮೊಣಕಾಲೂ ಮರೆತಿಲ್ಲ.

ಚೀಟಿಗೆ ಸಹಿ ಮಾಡಿದೆ. ಒಂದು ದಿನ ಶಾಲೆಗೆ ಹೋಗಿ ದೂರದಲ್ಲಿ ನಿಂತು ನೋಡಿಯೂ ಬಂದೆ. ಹುಡುಗಿಯರು ಸಾಲಾಗಿ ನಿಂತು ಬೈಠಕ್ ಹಾಕುತ್ತಿದ್ದರು. ಟೀಚರ್ ಒಬ್ಬೊಬ್ಬಳ ಮೊಣಕಾಲು, ಬೆನ್ನು ನೋಡುತ್ತ ನಡೆದಿದ್ದರು. ಒಬ್ಬ ಹುಡುಗಿ ಕೈ ಎತ್ತಿ ನಿಂತಳು. ಟೀಚರ್ ತಲೆಯಾಡಿಸಿದರು, ಅವಳು ಹೋಗಿ ನೆರಳಲ್ಲಿ ಕೂತಳು. ಯಾರೂ ನಗಲಿಲ್ಲ.

ನೀರಿನ ಕ್ಯಾನನ್ನು ಈಗ ಅಣ್ಣತಂಗಿ ಇಬ್ಬರೂ ಎರಡು ಕಡೆ ಹಿಡಿದು ತರುತ್ತಾರೆ. ಮೊದಲ ದಿನ ಮೊಮ್ಮಗ ಗೊಣಗಿದ. ನಾನು, "ನಿನ್ನ ಮುತ್ತಜ್ಜಿ ಕೇಳಿದ್ದ ಪ್ರಶ್ನೆನೇ ನಿನಗೂ ಕೇಳ್ತೀನಿ, ಸಂಜೀಗೆ ಏನು ಕುಡೀತಿ?" ಎಂದೆ. ಅವನಿಗೆ ಅರ್ಥವಾಗಲಿಲ್ಲ, ಆದರೂ ಇಳಿದು ಹೋದ.

ಇದೆಲ್ಲ ಸಲೀಸಾಗಿ ನಡೆದಿದೆ ಎಂದು ತಿಳಿಯಬೇಡಿ. ಮೊನ್ನೆ ಹಬ್ಬಕ್ಕೆ ಕರ್ಚಿಕಾಯಿ ಮಾಡುವಾಗ ಮೊಮ್ಮಗಳು ಅರ್ಧ ಕಣಕ ಲಟ್ಟಿಸಿ, "ಸಾಕು ಅಜ್ಜಿ, ಕೈ ನೋಯಾಕತ್ತದ" ಎಂದು ಎದ್ದುಬಿಟ್ಟಳು. ನನಗೆ ಸಿಟ್ಟು ನೆತ್ತಿಗೇರಿತು. ನಾವು ಹೀಗೆ ಅಂದಿದ್ದರೆ ಮನೆ ನಡೆಯುತ್ತಿತ್ತೇ ಎಂಬ ಮಾತು ನಾಲಿಗೆಯ ತುದಿಗೆ ಬಂತು. ಅದು ನನ್ನ ಮಾತಲ್ಲ, ಬರದ ವರ್ಷದ ಮಾತು ಎಂದು ಅಷ್ಟರಲ್ಲಿ ನೆನಪಾಯಿತು. ಸುಮ್ಮನಾದೆ. ಉಳಿದ ಕಣಕವನ್ನು ನಾನೊಬ್ಬಳೇ ಲಟ್ಟಿಸತೊಡಗಿದೆ. ಸ್ವಲ್ಪ ಹೊತ್ತಿಗೆ ನನ್ನ ಮಣಿಕಟ್ಟೂ ನೋಯತೊಡಗಿತು. 65 ವರ್ಷಕ್ಕೆ ಮೊದಲ ಸಲ, ಬಾಯಿ ಬಿಟ್ಟು "ನನಗೂ ಸಾಕು" ಅಂದೆ. ಒಳಗಿನಿಂದ ಮೊಮ್ಮಗ ಎದ್ದು ಬಂದು, ಕೈ ತೊಳೆದುಕೊಂಡು, ಲಟ್ಟಣಿಗೆ ಹಿಡಿದ. ಅವನ ಕರ್ಚಿಕಾಯಿಗಳು ಒಂದೂ ದುಂಡಗೆ ಬರಲಿಲ್ಲ. ಎಲ್ಲರೂ ತಿಂದೆವು.